ಸನ್ ಹೌಸ್ ಕೇಳೋಕೆ ಶುರು ಮಾಡಿದ್ದೇನೆ: 1930ರದ್ದು ಮೊದಲಾ, 1965ರದ್ದಾ?

ತಂತಿಗಾರ

ಮೊನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಫೋನ್ ಉಜ್ಜುತ್ತಾ ಕೂತಿದ್ದೆ. ಒಂದು ಕಪ್ಪು ಬಿಳುಪು ವಿಡಿಯೊ ಎದುರಿಗೆ ಬಂತು. ಕುರ್ಚಿ ಮೇಲೆ ತೆಳ್ಳನೆಯ ಮುದುಕ. ಮಡಿಲಲ್ಲಿ ಸ್ಟೀಲಿನ ಗಿಟಾರ್, ಉಂಗುರದ ಬೆರಳಿಗೆ ತಾಮ್ರದ ಕೊಳವೆ. ಪಾಪ, ಈ ವಯಸ್ಸಲ್ಲಿ ಇವನಿಂದ ಏನಾಗುತ್ತೆ ಅಂದುಕೊಂಡೆ. ಆಮೇಲೆ ಬಲಗೈ ತಂತಿ ಮೇಲೆ ಬಿತ್ತು ನೋಡಿ. ನುಡಿಸಿದ ಅನ್ನೋಕಾಗಲ್ಲ, ಬಿತ್ತು ಅಂತಲೇ ಹೇಳಬೇಕು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕತ್ತು ಹಿಂದಕ್ಕೆ ವಾಲಿತು. ಊರ ಜಾತ್ರೆಯಲ್ಲಿ ಮೈಮೇಲೆ ದೇವರು ಬರೋದನ್ನು ನೋಡಿ ಬೆಳೆದವನು ನಾನು. ಗುರುತು ಸಿಕ್ಕಿಬಿಟ್ಟಿತು.

ಆದರೆ ಹಾಡು ದೇವರದ್ದಲ್ಲ. ಬೆಳಗ್ಗೆ ಒಂದು ಕಾಗದ ಬರುತ್ತದೆ, ನೀನು ಪ್ರೀತಿಸಿದವಳು ಸತ್ತುಹೋದಳು ಅಂತ. ಅವನು ಹೋಗಿ ಹೆಣ ನೋಡುತ್ತಾನೆ. ಅಷ್ಟೇ ಕಥೆ. ಎರಡು ದಿನ ತಲೆಯಿಂದ ಇಳಿದಿಲ್ಲ.

ಹಾಡಿದವನ ಹೆಸರು ಸನ್ ಹೌಸ್, ಅಮೆರಿಕದ ಕರಿಯರ ಬ್ಲೂಸ್ ಅನ್ನೋ ಸಂಗೀತದ ಹಾಡುಗಾರ. ಈಗ ಪ್ರಶ್ನೆ. ಗೆಳೆಯನೊಬ್ಬ ಹೇಳಿದ, "1930ರ ರೆಕಾರ್ಡ್ ಮಾತ್ರ ನಿಜವಾದದ್ದು. 1965ರದ್ದು ಕಾಲೇಜು ಹುಡುಗರು ಕಲಿಸಿಕೊಟ್ಟದ್ದು." ಇದು ಹೌದಾ? ಎಲ್ಲಿಂದ ಶುರು ಮಾಡಲಿ?

ಹಳೇ ಗ್ರಾಮೊಫೋನ್

ಎರಡನ್ನೂ ಕೇಳಿ ಅಂತ ಒಂದು ಸಾಲಲ್ಲಿ ಮುಗಿಸಬಹುದಿತ್ತು. ಆದರೆ ಹೊರಗೆ ಮಳೆ, ಕೈಯಲ್ಲಿ ಕಾಫಿ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಎಡ್ವರ್ಡ್ ಜೇಮ್ಸ್ ಹೌಸ್ ಪೂರ್ತಿ ಹೆಸರು. ದಾಖಲೆ ಪ್ರಕಾರ ಹುಟ್ಟಿದ್ದು 1902ರ ಮಾರ್ಚ್ 21, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಪಕ್ಕದ ಲಯನ್ ಅನ್ನೋ ಸಣ್ಣ ಊರಿನ ಹತ್ತಿರ. ಆ ಸೀಮೆಗೆ ಡೆಲ್ಟಾ ಅಂತ ಹೆಸರು. ಡೆಲ್ಟಾ ಅಂದ ಕೂಡಲೇ ನದಿ ಸಮುದ್ರ ಸೇರೋ ಜಾಗ ಅಂದುಕೊಳ್ಳಬೇಡಿ. ಮೆಂಫಿಸ್‌ನಿಂದ ಕೆಳಗೆ ವಿಕ್ಸ್‌ಬರ್ಗ್‌ವರೆಗೆ, ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವೆ ಹರಡಿರೋ ಚಪ್ಪಟೆ ನೆಲ ಅದು. ನೆರೆ ಬಂದು ಬಂದು ಮೆಕ್ಕಲು ಕೂತಿದೆ, ಹತ್ತಿ ಹುಚ್ಚೆದ್ದು ಬೆಳೆಯುತ್ತದೆ. ಹೊಲ ಬಿಳಿಯರದು, ಬೆವರು ಕರಿಯರದು, ಲೆಕ್ಕದ ಪುಸ್ತಕ ಮತ್ತೆ ಬಿಳಿಯರದು. ಕೋರಿಗೆ ಹೊಲ ಮಾಡಿದವನು ವರ್ಷದ ಕೊನೆಗೆ ಅಂಗಡಿ ಸಾಲ ಕಳೆದು ನೋಡಿದರೆ ಕೈ ಖಾಲಿ.

ಈ ಮನುಷ್ಯ ಮೊದಲು ಹಾಡುಗಾರನಲ್ಲ, ಪಾದ್ರಿ. ಹದಿನೈದರ ವಯಸ್ಸಿಗೇ ಚರ್ಚಿನಲ್ಲಿ ನಿಂತು ಉಪದೇಶ ಮಾಡುತ್ತಿದ್ದ. ಬ್ಲೂಸ್ ಅಂದರೆ ಅವನಿಗೆ ಅಸಹ್ಯ, ಸೈತಾನನ ಸಂಗೀತ. ಗಿಟಾರ್ ಮುಟ್ಟೋದೇ ಪಾಪ ಅಂದುಕೊಂಡಿದ್ದ. ಆದರೆ ಕುಡಿತ ಬಿಡಲಿಲ್ಲ, ಹೆಂಗಸರ ಸಹವಾಸ ಬಿಡಲಿಲ್ಲ. ಭಾನುವಾರ ಬೈಬಲ್, ಶನಿವಾರ ಬಾಟಲಿ. 1927ರ ಹೊತ್ತಿಗೆ ಕುಡಿಯೋ ಜೊತೆಗಾರನೊಬ್ಬ ಬಾಟಲಿಯ ಕತ್ತನ್ನು ಬೆರಳಿಗೆ ಸಿಕ್ಕಿಸಿ ತಂತಿ ಮೇಲೆ ಜಾರಿಸೋದನ್ನು ಕೇಳಿದ. ಮುಗಿಯಿತು. ಹಳೇ ಗಿಟಾರ್ ಕೊಂಡ, ಕೆಲವೇ ವಾರಗಳಲ್ಲಿ ಜೂಕ್ ಜಾಯಿಂಟ್‌ಗಳಲ್ಲಿ ನುಡಿಸೋಕೆ ಶುರು. ಜೂಕ್ ಜಾಯಿಂಟ್ ಅಂದರೆ ಶನಿವಾರ ರಾತ್ರಿ ಯಾರದೋ ಮನೆಯ ಸಾಮಾನು ಹೊರಗಿಟ್ಟು, ಕಳ್ಳಭಟ್ಟಿ ಮಾರಿ, ಬೆಳಗಿನವರೆಗೆ ಕುಣಿಯೋ ಜಾಗ.

ಅಂಥದ್ದೇ ಒಂದು ಜಾಗದಲ್ಲಿ ಒಬ್ಬ ಎದ್ದು ಗುಂಡು ಹಾರಿಸಿದ. ಹೌಸ್‌ನ ಕಾಲಿಗೆ ತಗುಲಿತು. ಇವನು ತಿರುಗಿ ಹೊಡೆದ, ಆ ಮನುಷ್ಯ ಸತ್ತ. ಪಾರ್ಚ್‌ಮನ್ ಜೈಲಿಗೆ 15 ವರ್ಷದ ಶಿಕ್ಷೆ ಆಯಿತು. ಜೈಲು ಅಂದರೆ ಗೋಡೆ, ಕಂಬಿ ಅಲ್ಲ. ಸಾವಿರಾರು ಎಕರೆಯ ಹತ್ತಿ ಹೊಲ, ಬಂದೂಕಿನ ಕಾವಲು. ಸುಮಾರು ಎರಡು ವರ್ಷಕ್ಕೆ ಕೇಸು ಮತ್ತೆ ನೋಡಿದ ಜಡ್ಜ್ ಬಿಟ್ಟುಬಿಟ್ಟ, ಆದರೆ ಕ್ಲಾರ್ಕ್ಸ್‌ಡೇಲ್ ಕಡೆ ಕಾಣಿಸಿಕೊಳ್ಳಬೇಡ ಅಂತ ಹೇಳಿ ಕಳಿಸಿದ.

ಹಾಗೆ ಊರು ಬಿಟ್ಟು ಹೋಗಿ ಇಳಿದದ್ದು ಲೂಲಾ ಅನ್ನೋ ಊರಲ್ಲಿ. ಆ ಹೊತ್ತಿಗೆ ಡೆಲ್ಟಾದ ದೊಡ್ಡ ಹೆಸರಾದ ಚಾರ್ಲಿ ಪ್ಯಾಟನ್ ಅಲ್ಲೇ ಇದ್ದ. ಸ್ಟೇಷನ್ ಹತ್ತಿರ ನುಡಿಸುತ್ತಿದ್ದ ಹೌಸ್ ಅವನ ಕಿವಿಗೆ ಬಿದ್ದ. ಜೊತೆಗೆ ಗಿಟಾರ್‌ಗಾರ ವಿಲ್ಲಿ ಬ್ರೌನ್. ಈ ಮೂವರ ಗೆಳೆತನದಿಂದಲೇ ಮುಂದಿನದೆಲ್ಲ.

ಗ್ರಾಫ್ಟನ್ ಕಥೆ ಊಟ ಮುಗಿಸಿ ಬಂದು ಬರೆಯುತ್ತೇನೆ.

ಸುಮ್ನೆ ಓದೋನು

ಮೂರು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಮೊದಲ ಸಲ ಬರೆಯುತ್ತಿದ್ದೇನೆ. ಒಂದೇ ತಕರಾರು. ನಮ್ಮ ಹಿಂದೂಸ್ತಾನಿ ಗಾಯಕರಿಗೆಲ್ಲ "ಅವರು", ಈ ಮನುಷ್ಯನಿಗೆ ಮಾತ್ರ "ಅವನು" ಯಾಕೆ?

ಹಳೇ ಗ್ರಾಮೊಫೋನ್

ಸರಿಯಾದ ಪ್ರಶ್ನೆ. ನನ್ನ ಹತ್ತಿರ ಇರೋ ಉತ್ತರ ಇಷ್ಟೇ: ಕಿಶೋರ್ ಕುಮಾರ್‌ಗೂ ನಾನು "ಅವನು" ಅಂತಲೇ ಅನ್ನೋದು. ತುಂಬಾ ದಿನ ಮನೆಯಲ್ಲಿ ಹಾಡಿದವರು ಏಕವಚನಕ್ಕೆ ಇಳಿದುಬಿಡುತ್ತಾರೆ.

ಗ್ರಾಫ್ಟನ್. ವಿಸ್ಕಾನ್ಸಿನ್ ರಾಜ್ಯದ ಊರು, ಡೆಲ್ಟಾದಿಂದ ಎಷ್ಟೋ ದೂರ ಉತ್ತರಕ್ಕೆ. ಅಲ್ಲಿ ಪ್ಯಾರಮೌಂಟ್ ಅನ್ನೋ ರೆಕಾರ್ಡ್ ಕಂಪನಿಯ ಸ್ಟುಡಿಯೊ ಇತ್ತು. ಈ ಕಂಪನಿಯ ಮಾಲೀಕರು ಯಾರು ಗೊತ್ತಾ? ವಿಸ್ಕಾನ್ಸಿನ್ ಚೇರ್ ಕಂಪನಿ. ಕುರ್ಚಿ ಮಾಡೋರು! ಗ್ರಾಮೊಫೋನ್ ಇಡೋ ಮರದ ಪೆಟ್ಟಿಗೆ ಮಾಡುತ್ತಿದ್ದರು. ಪೆಟ್ಟಿಗೆ ಮಾರಬೇಕಾದರೆ ಜನಕ್ಕೆ ರೆಕಾರ್ಡ್ ಬೇಕು. ಕರಿಯ ಗಿರಾಕಿಗಳಿಗೆ ಕರಿಯರ ಹಾಡು ಬೇಕು. ಡೆಲ್ಟಾ ಬ್ಲೂಸ್‌ನ ಅರ್ಧ ಖಜಾನೆ ಹೀಗೆ ಪೀಠೋಪಕರಣದವರ ಲೆಕ್ಕಾಚಾರದಿಂದ ಉಳಿದದ್ದು. ರೆಕಾರ್ಡಿನ ಮಾಲು ಮಾತ್ರ ಅಗ್ಗದ್ದು, ಹೊಸದಾಗಿದ್ದಾಗಲೇ ಗರಗರ ಅನ್ನುತ್ತಿತ್ತು.

1930ರ ಮೇ ತಿಂಗಳ ಕೊನೆಯಲ್ಲಿ ಪ್ಯಾಟನ್, ಬ್ರೌನ್, ಹೌಸ್, ಪಿಯಾನೊ ನುಡಿಸೋ ಲೂಯಿಸ್ ಜಾನ್ಸನ್ ಎಲ್ಲ ಒಂದೇ ಕಾರಿನಲ್ಲಿ ಹೊರಟರು. ಹೌಸ್ ಆಮೇಲೆ ಹೇಳಿಕೊಂಡ ಪ್ರಕಾರ, ಹೊರಡುವಾಗ ಲೂಯಿಸ್ ಪ್ಯಾಟನ್‌ನ ಗೆಳತಿ, ಇಳಿಯುವಾಗ ಇವನ ಗೆಳತಿ. ಪ್ಯಾಟನ್ ಏನಂದನೋ.

ಹೌಸ್‌ಗೆ ಸಿಕ್ಕಿದ್ದು 40 ಡಾಲರ್. ಹತ್ತಿ ಹೊಲದಲ್ಲಿ ಅಷ್ಟು ಮಾಡೋಕೆ ಹೆಚ್ಚುಕಡಿಮೆ ವರ್ಷ ಬೇಕಿತ್ತು ಅಂತ ಅವನೇ ನೆನೆಸಿಕೊಂಡಿದ್ದ. ಆದರೆ ರೆಕಾರ್ಡ್ ಮಾರಾಟ ಆಗಲಿಲ್ಲ. ಆರ್ಥಿಕ ಕುಸಿತ ಶುರುವಾಗಿತ್ತು, ಊಟಕ್ಕೇ ಇಲ್ಲದವರು ರೆಕಾರ್ಡ್ ಎಲ್ಲಿ ಕೊಳ್ಳುತ್ತಾರೆ? 1932ರ ಹೊತ್ತಿಗೆ ಪ್ಯಾರಮೌಂಟ್‌ನ ರೆಕಾರ್ಡಿಂಗ್ ಕೂಡ ನಿಂತಿತು. ಅವತ್ತು ಮಾಡಿದ್ದರಲ್ಲಿ "ವಾಕಿಂಗ್ ಬ್ಲೂಸ್" ಹೊರಗೇ ಬರಲಿಲ್ಲ, ಅದರ ಟೆಸ್ಟ್ ಪ್ರತಿ 1985ರಲ್ಲಿ ಸಿಕ್ಕಿತು. "ಕ್ಲಾರ್ಕ್ಸ್‌ಡೇಲ್ ಮೋನ್" ಇದ್ದ ರೆಕಾರ್ಡ್ ಎಲ್ಲೂ ಸಿಗದೆ ಸಂಗ್ರಹಕಾರರು ದಶಕಗಟ್ಟಲೆ ಹುಡುಕಿದರು. ಕೊನೆಗೆ ಒಂದು ಪ್ರತಿ ಸಿಕ್ಕಿ 2006ರಲ್ಲಿ ಮತ್ತೆ ಹೊರಬಂತು. ಅದನ್ನು ಮೊದಲು ಕೇಳಿದ ದಿನ ನಾನು ಆಫೀಸಿಗೆ ರಜೆ ಹಾಕಿದ್ದೆ. ಮನೆಯಲ್ಲಿ ಜ್ವರ ಅಂತ ಹೇಳಿದ್ದೆ.

ಅನುಮಾನ ಜಾಸ್ತಿ

ಎಲ್ಲ ಸರಿ. ನಾಲ್ಕು ದಾರಿ ಕೂಡೋ ಜಾಗದಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತವನು ಇವನೇನಾ? ಅಥವಾ ಅದು ಬೇರೆಯವನಾ? ಬ್ಲೂಸ್ ಬಗ್ಗೆ ಯಾರೇ ಬರೆದರೂ ಆ ಕಥೆ ಬಂದೇ ಬರುತ್ತದೆ. ನನಗೆ ಅದನ್ನು ಓದಿದರೆ ಮೈ ಉರಿಯುತ್ತದೆ. ಕಷ್ಟಪಟ್ಟು ಕಲಿತವನಿಗೆ ಸೈತಾನನ ಸರ್ಟಿಫಿಕೇಟ್ ಯಾಕೆ?

ಹಳೇ ಗ್ರಾಮೊಫೋನ್

ಅದು ರಾಬರ್ಟ್ ಜಾನ್ಸನ್. ಆದರೆ ಕಥೆಗೆ ನೀರು ಹೊಯ್ದವರಲ್ಲಿ ನಮ್ಮ ಹೌಸ್ ಒಬ್ಬ.

ರಾಬಿನ್ಸನ್‌ವಿಲ್ ಕಡೆ ಹೌಸ್ ಮತ್ತು ಬ್ರೌನ್ ನುಡಿಸುವಾಗ ಹುಡುಗನೊಬ್ಬ ಬಂದು ಕೂರುತ್ತಿದ್ದ. ಮೌತ್ ಆರ್ಗನ್ ಚೆನ್ನಾಗಿ ಊದುತ್ತಿದ್ದ. ಇವರು ಬಿಡುವಿಗೆ ಹೊರಗೆ ಹೋದರೆ ಇವರ ಗಿಟಾರ್ ಎತ್ತಿಕೊಂಡು ಬಾರಿಸುತ್ತಿದ್ದ. ಜನ ಬಂದು ದೂರು ಹೇಳುತ್ತಿದ್ದರು, ಆ ಹುಡುಗನ ಕೈಯಿಂದ ಗಿಟಾರ್ ಕಿತ್ತುಕೊಳ್ಳಿ, ಕಿವಿ ಹೋಗುತ್ತಿದೆ ಅಂತ. ಸ್ವಲ್ಪ ಕಾಲ ಹುಡುಗ ಕಾಣೆಯಾದ. ತಿರುಗಿ ಬಂದಾಗ ನುಡಿಸಿದ್ದು ಕೇಳಿ ಇಬ್ಬರೂ ಬಾಯಿ ಬಿಟ್ಟರಂತೆ. ಅರವತ್ತರ ದಶಕದಲ್ಲಿ ಇದನ್ನು ಹೇಳುವಾಗ ಹೌಸ್ ಸೈತಾನನ ಮಾತನ್ನೂ ಸೇರಿಸಿದ ಅಂತ ವರದಿ ಬಂತು. ಪಾದ್ರಿ ಬಾಯಿ ನೋಡಿ.

ಜಾನ್ಸನ್ ಆ ಕಾಲದಲ್ಲಿ ಹೋಗಿದ್ದು ಐಕ್ ಜಿಮ್ಮರ್‌ಮನ್ ಅನ್ನೋ ಗಿಟಾರ್‌ಗಾರನ ಹತ್ತಿರ. ರಾತ್ರಿ ಹೊತ್ತು ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ದೆವ್ವಕ್ಕಲ್ಲ, ಅಲ್ಲಿ ಬೈಯೋರು ಯಾರೂ ಇರಲಿಲ್ಲ. ದಾರಿ ಕೂಡೋ ಜಾಗದ ಕಥೆಯೂ ಮೊದಲು ಟಾಮಿ ಜಾನ್ಸನ್ ಅನ್ನೋ ಬೇರೆ ಹಾಡುಗಾರನ ಬಗ್ಗೆ ಅವನ ಅಣ್ಣ ಹೇಳಿದ್ದು. ಹೆಸರು ಒಂದೇ ಅಂತ ಇವನಿಗೆ ಅಂಟಿತು.

1936–37ರಲ್ಲಿ ರಾಬರ್ಟ್ ಜಾನ್ಸನ್ ರೆಕಾರ್ಡ್ ಮಾಡಿದ, 1938ರಲ್ಲಿ 27ರ ವಯಸ್ಸಿಗೆ ಸತ್ತ. ಅವನ ರೆಕಾರ್ಡ್ ಕೇಳಿ. ಹೌಸ್‌ನ ಗಿಟಾರ್ ಹಿಡಿತ ಅದರೊಳಗೆ ಕೂತಿದೆ. ಸ್ಟೊವಾಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿ ವಾಟರ್ಸ್ ಕೂಡ ಹೌಸ್‌ನನ್ನು ನೋಡಿಯೇ ಸ್ಲೈಡ್, ಅಂದರೆ ತಂತಿ ಮೇಲೆ ಕೊಳವೆ ಜಾರಿಸಿ ನುಡಿಸೋದು, ಕಲಿತದ್ದು. ಮಡ್ಡಿ 1943ರಲ್ಲಿ ಶಿಕಾಗೊಗೆ ಹೋದ, ಅಲ್ಲಿ ಗಿಟಾರ್‌ಗೆ ಕರೆಂಟ್ ಕೊಟ್ಟ. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರನ್ನೇ ಅವನ ಹಾಡಿನಿಂದ ತಗೊಂಡರು.

ವೀಣೆಮನೆ

ನಾನು ಕರ್ನಾಟಕ ಸಂಗೀತದವಳು, ಬ್ಲೂಸ್ ಗೊತ್ತಿಲ್ಲ. ಈ ಚರ್ಚೆ ಓದಿ ಆ ವಿಡಿಯೊ ಹುಡುಕಿ ನೋಡಿದೆ. ನನಗೆ ಮೊದಲು ಹೊಳೆದದ್ದು ಗೋಟುವಾದ್ಯ. ಅದರಲ್ಲೂ ಮೆಟ್ಟಿಲಿಲ್ಲ, ಮರದ ತುಂಡನ್ನು ತಂತಿ ಮೇಲೆ ಜಾರಿಸೋದು. ಆದರೆ ನಮ್ಮದು ಮಲಗಿಸಿದ ವಾದ್ಯ, ಮೇಲಿನಿಂದ ಹಿಡಿತ. ಇವನದು ಬೆರಳಿಗೆ ತೊಟ್ಟ ಕೊಳವೆ, ಉಳಿದ ಬೆರಳು ಖಾಲಿ.

ಇನ್ನೊಂದು ಗಮನಿಸಿದೆ. ಗಾಂಧಾರ ಇವನಿಗೆ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ. ಪಿಯಾನೊದಲ್ಲಿ ಆ ಸ್ವರಕ್ಕೆ ಕೀಲಿಯೇ ಇಲ್ಲ. ಅದಕ್ಕೇ ಸ್ಲೈಡ್ ಬೇಕಾಯಿತು ಅನ್ನಿಸುತ್ತದೆ. ಗಂಟಲು ಎಲ್ಲಿ ಹೋಗುತ್ತದೋ ತಂತಿಯನ್ನೂ ಅಲ್ಲಿಗೆ ಎಳೆದುಕೊಂಡು ಹೋಗೋಕೆ.

ಹಳೇ ಗ್ರಾಮೊಫೋನ್

ಇದನ್ನು ನಾನು ಇಪ್ಪತ್ತು ವರ್ಷದಿಂದ ಹೇಳೋಕೆ ಒದ್ದಾಡುತ್ತಿದ್ದೆ. ನೀವು ಅರ್ಧ ಗಂಟೆ ವಿಡಿಯೊ ನೋಡಿ ಹೇಳಿಬಿಟ್ಟಿರಿ.

ಗಮನಿಸಿ, ಹಲವು ಸಲ ಸಾಲಿನ ಕೊನೆ ಪದವನ್ನು ಅವನು ಹಾಡುವುದೇ ಇಲ್ಲ, ಸ್ಲೈಡ್‌ಗೆ ಬಿಟ್ಟುಬಿಡುತ್ತಾನೆ. ಚರ್ಚಿನಲ್ಲಿ ಪಾದ್ರಿ ಅರ್ಧ ಹೇಳಿ ನಿಲ್ಲಿಸಿದರೆ ಉಳಿದದ್ದನ್ನು ಸಭೆ ಹೇಳುತ್ತದಲ್ಲ, ಹಾಗೆ.

ತಂತಿಗಾರ

ನಿನ್ನೆ ನಾನೂ ಕೈ ಹಾಕಿದೆ. ನನ್ನ ಅವಸ್ಥೆ ಕೇಳಿ.

ನಲ್ಲಿ ಸಾಮಾನಿನ ಅಂಗಡಿಗೆ ಹೋಗಿ ತಾಮ್ರದ ಪೈಪು ಐದು ಸೆಂಟಿಮೀಟರ್ ಕತ್ತರಿಸಿಕೊಡಿ ಅಂದೆ. ಯಾವ ಸಿಂಕಿಗೆ ಅಂತ ಕೇಳಿದ. ಬೆರಳಿಗೆ ಅಂದೆ. ಒಂದು ಸಲ ಮೇಲಿಂದ ಕೆಳಗೆ ನೋಡಿ ಕತ್ತರಿಸಿಕೊಟ್ಟ. ಅಂಚು ಚೂಪಾಗಿತ್ತು, ತೊಟ್ಟ ಕೂಡಲೇ ಬೆರಳು ಕುಯ್ದಿತು. ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಸರಿ ಮಾಡಿದೆ. ತಂತಿ ಕೊಂಡ ಅಂಗಡಿಯವನು ಎಷ್ಟು ವರ್ಷ ಹಳೇದು ಕೊಟ್ಟನೋ, ಪೊಟ್ಟಣ ಬಿಚ್ಚಿದರೆ ತುಕ್ಕು.

ಶ್ರುತಿಯನ್ನು ಓಪನ್ ಜಿ ಮಾಡಿದೆ, ಕೆಳಗಿನಿಂದ ಡಿ, ಜಿ, ಡಿ, ಜಿ, ಬಿ, ಡಿ. ಎಡಗೈ ಮುಟ್ಟದೆ ಸುಮ್ಮನೆ ಎಳೆದರೂ ಪೂರ್ತಿ ಕಾರ್ಡ್, ಅಂದರೆ ಹೊಂದುವ ಸ್ವರಗಳ ಗುಂಪು, ಒಟ್ಟಿಗೆ ಬರುತ್ತದೆ. ಅಷ್ಟಕ್ಕೇ ಕುಣಿದುಬಿಟ್ಟೆ. ಕೊಳವೆ ಇಟ್ಟ ಕೂಡಲೇ ಕುಣಿತ ನಿಂತಿತು. ಜಾಸ್ತಿ ಒತ್ತಿದರೆ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಲೋಹದ ಮೆಟ್ಟಿಲಿಗೆ) ತಾಗಿ ಕಟಕಟ. ಕಡಿಮೆ ಒತ್ತಿದರೆ ಸೊಳ್ಳೆ ಸದ್ದು. ಮೂರು ಗಂಟೆ ಆದಮೇಲೆ ಹೆಂಡತಿ ಬಾಗಿಲು ಹಾಕಿಕೊಂಡಳು. ಐಕ್ ಜಿಮ್ಮರ್‌ಮನ್ ಯಾಕೆ ಸ್ಮಶಾನಕ್ಕೆ ಹೋಗುತ್ತಿದ್ದ ಅಂತ ಈಗ ಅರ್ಥ ಆಯಿತು.

ವೀಣೆಮನೆ

ಕೊಳವೆ ಫ್ರೆಟ್ ತಂತಿಯ ಹಿಂದೆ ಅಲ್ಲ, ಸರಿಯಾಗಿ ಅದರ ಮೇಲೆ ಬರಬೇಕು. ಹಿಂದಿನ ಬೆರಳುಗಳಿಂದ ತಂತಿ ಹಗುರವಾಗಿ ಮುಟ್ಟಿಕೊಂಡಿರಿ, ಆ ಕಿರಿಕಿರಿ ಸದ್ದು ಸಾಯುತ್ತದೆ. ಕಣ್ಣಿಗಿಂತ ಕಿವಿ ನಂಬಿ. ನಮ್ಮ ಗುರುಗಳು ಇಷ್ಟು ಹೇಳೋಕೆ ಒಂದು ವರ್ಷ ತಗೊಂಡರು.

ಹಿಮದೂರು

ನಾನು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿದ್ದೇನೆ, ಕೆಲಸಕ್ಕೆ ಬಂದು ಹನ್ನೊಂದು ವರ್ಷ ಆಯಿತು. ರಾಚೆಸ್ಟರ್ ಹತ್ತಿರವೇ. ಈ ಚರ್ಚೆಯಲ್ಲಿ ಇನ್ನೂ ರಾಚೆಸ್ಟರ್ ಬಂದಿಲ್ಲ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

1943ರಲ್ಲಿ ಹೌಸ್ ಡೆಲ್ಟಾ ಬಿಟ್ಟು ಇಲ್ಲಿಗೆ ಬಂದ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಪೋರ್ಟರ್ ಕೆಲಸ ಮಾಡಿದ. ಗೆಳೆಯ ವಿಲ್ಲಿ ಬ್ರೌನ್ 1952ರಲ್ಲಿ ಸತ್ತ. ಆಮೇಲೆ ಹೌಸ್ ಗಿಟಾರ್ ಬಿಟ್ಟುಬಿಟ್ಟ. ಅಕ್ಕಪಕ್ಕದವರಿಗೆ ಅವನು ವಯಸ್ಸಾದ ಒಬ್ಬ ಕೂಲಿ ಅಷ್ಟೇ.

ಇತ್ತ ಬಿಳಿ ಕಾಲೇಜು ಹುಡುಗರು ಅವನ ಗರಗರ ರೆಕಾರ್ಡ್ ಹಾಕಿಕೊಂಡು ಹುಚ್ಚಾಗಿದ್ದರು. ಡಿಕ್ ವಾಟರ್‌ಮನ್, ನಿಕ್ ಪರ್ಲ್ಸ್, ಫಿಲ್ ಸ್ಪೈರೊ ಮೂವರೂ 1964ರ ಜೂನ್‌ನಲ್ಲಿ ಪರ್ಲ್ಸ್‌ನ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಅವನನ್ನು ಹುಡುಕೋಕೆ ಮಿಸಿಸಿಪಿಗೇ ಹೋದರು. ಕರಿಯರನ್ನು ಮತದಾರರ ಪಟ್ಟಿಗೆ ಸೇರಿಸೋಕೆ ಉತ್ತರದ ಹುಡುಗರು ಅಲ್ಲಿಗೆ ಹೋಗುತ್ತಿದ್ದ ಬೇಸಿಗೆ ಅದು. ಹೊರಗಿನ ನಂಬರ್ ಪ್ಲೇಟ್ ಕಂಡರೆ ಸಾಕು, ಪೊಲೀಸರ ಕಣ್ಣು. ಊರೂರು ತಿರುಗಿ, ಅವರಿವರನ್ನು ಕೇಳಿ, ಕೊನೆಗೆ ಗೊತ್ತಾದದ್ದು ಏನು? ಮನುಷ್ಯ ಇಪ್ಪತ್ತೊಂದು ವರ್ಷದಿಂದ ರಾಚೆಸ್ಟರ್‌ನಲ್ಲಿದ್ದಾನೆ. ಜೂನ್ 21ಕ್ಕೆ ಗ್ರೇಗ್ ಸ್ಟ್ರೀಟ್‌ನ 61ನೇ ನಂಬರಿನ ಮನೆ ಮುಟ್ಟಿದರು. ಅದೇ ದಿನ ಮಿಸಿಸಿಪಿಯ ನೆಶೋಬ ಜಿಲ್ಲೆಯಲ್ಲಿ ಚೇನಿ, ಗುಡ್‌ಮನ್, ಶ್ವರ್ನರ್ ಅನ್ನೋ ಮೂವರು ಹಕ್ಕು ಹೋರಾಟಗಾರ ಹುಡುಗರನ್ನು ಕೊಂದು ಮಣ್ಣಿನ ಒಡ್ಡಿನೊಳಗೆ ಹೂತರು. ಎರಡೂ ಕಾರು, ಎರಡೂ ಕಡೆ ಮೂವರು ಹುಡುಗರು. ನನಗೆ ಈ ತಾರೀಖು ನೆನಪಾದಾಗಲೆಲ್ಲ ಬೆನ್ನು ತಣ್ಣಗಾಗುತ್ತದೆ.

ಹೌಸ್ ಹತ್ತಿರ ಆಗ ಒಂದು ಗಿಟಾರ್ ಕೂಡ ಇರಲಿಲ್ಲ. ತನ್ನ ರೆಕಾರ್ಡ್‌ಗಳನ್ನು ಜನ ಹುಡುಕುತ್ತಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ.

ಕಾರ್ನ್ ಹಿಲ್ ಅನ್ನೋ ಆ ಬಡಾವಣೆಗೆ ಒಮ್ಮೆ ಹೋಗಿದ್ದೆ. ಆ ಮನೆ ಈಗ ಇಲ್ಲ. ನವೆಂಬರ್ ತಿಂಗಳು, ನದಿ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಮಿಸಿಸಿಪಿಯವರು ನೆಟ್ಟ ನೀಲಿ ಫಲಕ ಒಂದಿದೆ, ಅದನ್ನು ಓದಿ ಕಾರಿಗೆ ಓಡಿದೆ. ಡೆಲ್ಟಾದ ಬಿಸಿಲಲ್ಲಿ ಬೆಳೆದವನು ಈ ಚಳಿಯಲ್ಲಿ ಮೂವತ್ತು ವರ್ಷ ಹೇಗೆ ಕಳೆದನೋ ಅನ್ನಿಸಿತು.

ಅನುಮಾನ ಜಾಸ್ತಿ

ಈಗ ತಂತಿಗಾರನ ಗೆಳೆಯನ ಮಾತಿಗೆ ಬನ್ನಿ. ಅವನು ಸುಳ್ಳು ಹೇಳಿಲ್ಲ. ಹೌಸ್‌ಗೆ ನುಡಿಸೋದು ಮರೆತುಹೋಗಿತ್ತು. ಅಲ್ ವಿಲ್ಸನ್ ಅನ್ನೋ ಇಪ್ಪತ್ತು ವರ್ಷದ ಹುಡುಗ, ಮುಂದೆ ಕ್ಯಾನ್ಡ್ ಹೀಟ್ ಬ್ಯಾಂಡ್ ಕಟ್ಟಿದವನು, ಹಳೇ ರೆಕಾರ್ಡ್ ಕೇಳಿ ಕಲಿತಿದ್ದ. ಅವನು ಎದುರಿಗೆ ಕೂತು, 1930ರಲ್ಲಿ ನೀವು ಹೀಗೆ ನುಡಿಸಿದ್ದಿರಿ, 1942ರಲ್ಲಿ ಹೀಗೆ, ಅಂತ ತೋರಿಸಿಕೊಟ್ಟ. ಸನ್ ಹೌಸ್‌ಗೆ ಸನ್ ಹೌಸ್ ಥರ ನುಡಿಸೋದು ಕಲಿಸಿದ್ದು ಅಲ್ ವಿಲ್ಸನ್ ಅಂತ ವಾಟರ್‌ಮನ್ ಅವರೇ ಹೇಳಿದ್ದಾರೆ. ಹಾಗಾದರೆ ಕೊಲಂಬಿಯ ಕಂಪನಿಯ 1965ರ ಎಲ್‌ಪಿ (ಹೆಚ್ಚು ಹೊತ್ತು ಹಾಡೋ ರೆಕಾರ್ಡ್) ಯಾರದು? ಮುದುಕನದೋ, ಹುಡುಗನ ಕಲ್ಪನೆಯ ಮುದುಕನದೋ? ಆ ಹುಡುಗರಿಗೆ 1930 ಬೇಕಿತ್ತು, ಇವನಿಗೆ ಕೆಲಸ ಬೇಕಿತ್ತು. ಕೊಟ್ಟ.

ಹಳೇ ಗ್ರಾಮೊಫೋನ್

ಅರ್ಧ ಒಪ್ಪುತ್ತೇನೆ. ಆ ಹುಡುಗರಿಗೆ ತಮ್ಮ ಕನಸಿನ ಡೆಲ್ಟಾ ಬೇಕಿತ್ತು, ನಿಜ. ಆದರೆ ಈ ವಾದದಲ್ಲಿ ಒಂದು ಸಣ್ಣ ವಿಷಯ ಬಿಟ್ಟುಹೋಗಿದೆ.

ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ರೆಕಾರ್ಡಿನ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತದೆ. ಅದಕ್ಕೇ 1930ರಲ್ಲಿ ಹೌಸ್‌ನ ಮುಖ್ಯ ಹಾಡುಗಳನ್ನೆಲ್ಲ ಕತ್ತರಿಸಿ ಭಾಗ ಒಂದು, ಭಾಗ ಎರಡು ಅಂತ ಎರಡು ಬದಿಗೆ ಹಂಚಿದರು. "ಮೈ ಬ್ಲ್ಯಾಕ್ ಮಾಮಾ" ಅನ್ನೋದರ ಎರಡನೇ ಬದಿ ಹಾಕಿ ನೋಡಿ. ಬೆಳಗ್ಗೆ ಬಂದ ಕಾಗದ, ಸತ್ತ ಹೆಂಗಸು, ಎಲ್ಲ ಅಲ್ಲೇ ಇದೆ. 1965ರ "ಡೆತ್ ಲೆಟರ್" ಹುಟ್ಟಿದ್ದು ಆ ಬದಿಯಿಂದ. 1930ರಲ್ಲಿ ಅದು ಹಾಡಿನ ಒಂದು ತುಂಡು. 1965ರಲ್ಲಿ ಅದೇ ಪೂರ್ತಿ ಹಾಡು, ಮೂರು ನಿಮಿಷದ ಬೇಲಿ ಇಲ್ಲ.

ಬೆರಳು ಎಲ್ಲಿ ಇಡಬೇಕು ಅಂತ ವಿಲ್ಸನ್ ಹೇಳಿಕೊಟ್ಟಿರಬಹುದು. ಆ ಕಾಗದ ಓದೋದನ್ನು ಇಪ್ಪತ್ತರ ಹುಡುಗ ಅರವತ್ತು ದಾಟಿದವನಿಗೆ ಕಲಿಸೋಕಾಗುತ್ತಾ? 1930ರ ಹೌಸ್ ಕೂಗುತ್ತಾನೆ. ಇಪ್ಪತ್ತೆಂಟರ ಗಂಡಸು, ಜೈಲಿಂದ ಈಚೆ ಬಂದವನು, ಗಂಟಲಲ್ಲಿ ಜಲ್ಲಿ. 1965ರವನು ನಡುವೆ ನಿಲ್ಲಿಸುತ್ತಾನೆ. ಗಿಟಾರ್ ತಪ್ಪುತ್ತದೆ, ಬೆರಳು ತಡವರಿಸುತ್ತದೆ, ಅದನ್ನು ಬಚ್ಚಿಡುವುದಿಲ್ಲ.

ಅದೇ ಎಲ್‌ಪಿಯಲ್ಲಿ ಗಿಟಾರ್ ಪಕ್ಕಕ್ಕಿಟ್ಟು ಬರೀ ಚಪ್ಪಾಳೆ ತಟ್ಟಿ ಹಾಡಿದ "ಗ್ರಿನಿನ್ ಇನ್ ಯುವರ್ ಫೇಸ್" ಇದೆ. ಅದರಲ್ಲಿ ಯಾರು ಏನು ಕಲಿಸಿದರು? ವೈಟ್ ಸ್ಟ್ರೈಪ್ಸ್ ಅನ್ನೋ ರಾಕ್ ಬ್ಯಾಂಡಿನ ಜ್ಯಾಕ್ ವೈಟ್ ತನ್ನ ಅತ್ಯಂತ ಇಷ್ಟದ ಹಾಡು ಇದೇ ಅಂತ ಹೇಳಿದ್ದು ಸುಮ್ನೆ ಅಲ್ಲ.

ಅನುಮಾನ ಜಾಸ್ತಿ

ಎರಡನೇ ಬದಿ ಕೇಳಿದೆ. ಸರಿ, ಕಾಗದ ಇದೆ. ಆದರೂ ಗಿಟಾರ್ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳಲ್ಲ. 1930ರ ಎಡಗೈ ಬೇರೆ ಮಟ್ಟದ್ದು.

ಹಳೇ ಗ್ರಾಮೊಫೋನ್

ಅದು ನಿಜ. ಒಪ್ಪಿದೆ.

ಸುಮ್ನೆ ಓದೋನು

1942 ಅಂತ ಒಂದು ಮಾತು ಬಂತಲ್ಲ, ಅದೇನು? 1930 ಆದಮೇಲೆ ರೆಕಾರ್ಡೇ ಮಾಡಲಿಲ್ಲ ಅಂದುಕೊಂಡಿದ್ದೆ.

ಹಳೇ ಗ್ರಾಮೊಫೋನ್

ವ್ಯಾಪಾರಕ್ಕೆ ಮಾಡಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯ ಸೇರಿ ಜನಪದ ಹಾಡು ಸಂಗ್ರಹ ಮಾಡುತ್ತಿದ್ದವು. ಅಲನ್ ಲೋಮ್ಯಾಕ್ಸ್ 1941ರ ಆಗಸ್ಟ್‌ನಲ್ಲಿ ಲೇಕ್ ಕಾರ್ಮರಂಟ್‌ನ ಒಂದು ಅಂಗಡಿಯಲ್ಲಿ ಹೌಸ್‌ನನ್ನು ರೆಕಾರ್ಡ್ ಮಾಡಿದ. ಜೊತೆಗೆ ಬ್ರೌನ್, ಮ್ಯಾಂಡೊಲಿನ್‌ಗೆ ಫಿಡ್ಲಿನ್ ಜೋ ಮಾರ್ಟಿನ್, ಮೌತ್ ಆರ್ಗನ್‌ಗೆ ಲಿರಾಯ್ ವಿಲಿಯಮ್ಸ್. ಅಂಗಡಿ ಪಕ್ಕದಲ್ಲೇ ರೈಲು ಹಳಿ. ಹಾಡಿನ ನಡುವೆ ನಿಜವಾದ ರೈಲು ಹೋಗೋದು ಕೇಳುತ್ತದೆ. ಯಾರೂ ನಿಲ್ಲಿಸುವುದಿಲ್ಲ, ಹಾಡುತ್ತಲೇ ಇರುತ್ತಾರೆ. ಮರುವರ್ಷ ರಾಬಿನ್ಸನ್‌ವಿಲ್‌ನಲ್ಲಿ ಹೌಸ್ ಒಬ್ಬನದೇ ಇನ್ನಷ್ಟು ಆಯಿತು. ಗಿಟಾರ್ ವಿಷಯಕ್ಕೆ ನನಗೆ ಇವೇ ಎಲ್ಲಕ್ಕಿಂತ ಇಷ್ಟ.

ತನಗೆ ಕೊಟ್ಟದ್ದು ಒಂದು ತಣ್ಣನೆಯ ಕೋಕಾಕೋಲಾ ಅಂತ ಹೌಸ್ ಆಮೇಲೆ ಹೇಳಿಕೊಂಡಿದ್ದ. ಗ್ರಾಫ್ಟನ್‌ನ ಕುರ್ಚಿ ಕಂಪನಿ ಕೊಟ್ಟ 40 ಡಾಲರ್ ಇದಕ್ಕಿಂತ ಎಷ್ಟೋ ವಾಸಿ ಅಲ್ವಾ?

ತಂತಿಗಾರ

ಸಿಕ್ಕಮೇಲೆ ಎಷ್ಟು ವರ್ಷ ಹಾಡಿದ?

ಹಿಮದೂರು

ಸುಮಾರು ಹತ್ತು ವರ್ಷ. ನ್ಯೂಪೋರ್ಟ್ ಉತ್ಸವ, ಕಾರ್ನೆಗಿ ಹಾಲ್, 1967ರಲ್ಲಿ ಯುರೋಪ್ ಪ್ರವಾಸ, 1970ರಲ್ಲಿ ಲಂಡನ್. ವಾಟರ್‌ಮನ್ ಅವನ ಮ್ಯಾನೇಜರ್ ಆದರು. ಕುಡಿತ ಮಾತ್ರ ಬಿಡಲಿಲ್ಲ. 1966ರಲ್ಲಿ ನ್ಯೂಪೋರ್ಟ್‌ನಲ್ಲಿ ಹೌಲಿಂಗ್ ವುಲ್ಫ್ ಅನ್ನೋ ಬ್ಲೂಸ್ ಹಾಡುಗಾರ ಹಾಡುವಾಗ ಇವನು ಕುಡಿದು ನಡುವೆ ಮಾತಾಡುತ್ತಿದ್ದ. ವುಲ್ಫ್ ಎಲ್ಲರೆದುರೇ ಗದರಿಬಿಟ್ಟ, ಅದು ಚಿತ್ರೀಕರಣವಾಗಿ ಉಳಿದಿದೆ. ಎಳೆಯವನಾಗಿದ್ದಾಗ ಇದೇ ಹೌಸ್ ಜೊತೆ ಡೆಲ್ಟಾದಲ್ಲಿ ನುಡಿಸಿದವನು ವುಲ್ಫ್. ನೋಡೋಕೆ ಕಷ್ಟ ಆಗುತ್ತದೆ, ನಾನು ಒಂದೇ ಸಲ ನೋಡಿದ್ದು.

ವೇದಿಕೆಯಲ್ಲಿ ಹಾಡಿಗಿಂತ ಮಾತು ಜಾಸ್ತಿ ಆಗಿಬಿಡುತ್ತಿತ್ತು. ಬ್ಲೂಸ್ ಅಂದರೆ ಗಂಡು ಹೆಣ್ಣಿನ ನಡುವಿನ ಪ್ರೀತಿಯದು, ಉಳಿದದ್ದೆಲ್ಲ ಕೋತಿಯಾಟ ಅಂತ ಪ್ರವಚನ ಕೊಡುತ್ತಿದ್ದ. ಆಮೇಲೆ ತಾನೇ ಚರ್ಚಿನ ಹಾಡು ಹೇಳುತ್ತಿದ್ದ. 1974ರ ಹೊತ್ತಿಗೆ ಕೈ ಮತ್ತು ನೆನಪು ಎರಡೂ ಕೈಕೊಟ್ಟವು. ಹೆಂಡತಿ ಎವಿ ಜೊತೆ ಡೆಟ್ರಾಯ್ಟ್‌ಗೆ ಹೋದ. 1988ರ ಅಕ್ಟೋಬರ್ 19ಕ್ಕೆ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡ. ಸಮಾಧಿ ಕಲ್ಲಿಗೆ ಅಲ್ಲಿನ ಬ್ಲೂಸ್ ಸಂಘದವರು ಹಣ ಕೂಡಿಸಿದರು.

ಹಳೇ ಗ್ರಾಮೊಫೋನ್

ತಂತಿಗಾರರೇ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಬದಲಾಗಿದೆ. 1930ರದ್ದೂ ಬೇಡ, 1965ರದ್ದೂ ಬೇಡ. 1964ರ ನವೆಂಬರ್ 23ಕ್ಕೆ ಇಂಡಿಯಾನದ ವಬಾಶ್ ಕಾಲೇಜಿನಲ್ಲಿ ಅವನು ಹಾಡಿದ್ದು ವಾಟರ್‌ಮನ್ ಅವರ ಟೇಪ್‌ನಲ್ಲಿ ಉಳಿದಿತ್ತು. "ಫಾರೆವರ್ ಆನ್ ಮೈ ಮೈಂಡ್" ಅನ್ನೋ ಹೆಸರಿನಲ್ಲಿ 2022ರಲ್ಲಿ ಹೊರಬಂತು. ಸಿಕ್ಕಿ ಐದು ತಿಂಗಳಾಗಿತ್ತು ಅಷ್ಟೇ. ದೊಡ್ಡ ವೇದಿಕೆಯ ಅಬ್ಬರ ಇನ್ನೂ ಬಂದಿರಲಿಲ್ಲ. ದನಿ ಮೆತ್ತಗಿದೆ, ಗಿಟಾರ್ ಹಗುರವಾಗಿದೆ. ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋಗಿ: 1942, ಆಮೇಲೆ 1930. ಕೊನೆಗೆ 1965.

ತಂತಿಗಾರ

ನಿನ್ನೆ ಭಾನುವಾರ ಹಾಗೇ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು ಮಧ್ಯಾಹ್ನದ ಊಟ ಆರಿಹೋಯಿತು. 1930ರ ಬರಗಾಲದ ಹಾಡಿಗೆ ಬಂದಾಗ ಮೊದಲು ಬರೀ ಗರಗರ. ಸ್ಪೀಕರ್ ಕೆಟ್ಟಿದೆಯಾ ಅಂತ ಎದ್ದು ನೋಡೋ ಹೊತ್ತಿಗೆ ಆ ದನಿ ಬಂತು. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ. "ಯಾರಿಗೋ ಮಳೆ ಬಂದಿಲ್ಲ ಅನ್ನಿಸುತ್ತೆ" ಅಂದರು. ಅಪ್ಪ ಬಯಲುಸೀಮೆಯಲ್ಲಿ ಜೋಳ ಬೆಳೆದವರು. ನಾನು ಏನೂ ಹೇಳಿರಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ನನ್ನ ಗಿಟಾರ್‌ನಲ್ಲಿ ಓಪನ್ ಜಿ ಮಾಡಿದರೆ ಮೂರನೇ ತಂತಿ ಮಾತ್ರ ಅಪಸ್ವರ ಬರುತ್ತಿದೆ. ಅದನ್ನೂ ಸ್ವಲ್ಪ ಇಳಿಸಿದ್ದೆ. ತಪ್ಪಾಯಿತಾ?

ವೀಣೆಮನೆ

ತಪ್ಪಾಯಿತು. ಮೂರನೆಯದು ಮೊದಲಿಂದಲೂ ಜಿ, ಅದನ್ನು ಮುಟ್ಟಬೇಡಿ. ಇಳಿಸಬೇಕಾದ್ದು ಆರು, ಐದು ಮತ್ತು ಒಂದು. ಒಂದೊಂದನ್ನೂ ಎರಡು ಫ್ರೆಟ್‌ನಷ್ಟು. ಮೊದಲು ಆ ತುಕ್ಕು ತಂತಿ ಬಿಸಾಕಿ ಹೊಸದು ಹಾಕಿ.